ಹಸಿರು ಹಣ್ಣೂ ಹಣ್ಣೇ

ಹಣ್ಣಾದ ಮೇಲೂ ಹಸಿರಾಗಿಯೇ ಉಳಿಯುವ ಟೊಮೇಟೊ ತಳಿಗಳುಂಟೆಂದರೆ ಕುಮಟೆಯ ಸಂತೆಯಲ್ಲಿ ನಗುವವರೇ ಹೆಚ್ಚು. ಕೆಂಪಾಗದುದು ಕಾಯಿ ಎಂಬುದು ನಮ್ಮ ರೂಢಿ. ಆದರೆ ಹಸಿರು ಮಾವಿನ ಹಣ್ಣನ್ನು ಮೂಸಿ, ಮೆಲ್ಲನೆ ಅದುಮಿ ಕೊಳ್ಳುವವರೂ ನಾವೇ ಅಲ್ಲವೆ?

ಟೊಮೇಟೊ ಹಣ್ಣಾಗುವಾಗ ಪತ್ರಹರಿತ್ತು ಅಳಿದು, ಲೈಕೋಪೀನ್ ಎಂಬ ಕೆಂಪು ವರ್ಣದ್ರವ್ಯವು ತುಂಬಿಕೊಳ್ಳುತ್ತದೆ. ಪತ್ರಹರಿತ್ತನ್ನು ಅಳಿಸುವ ಕಾರ್ಯಕ್ಕೆ ಬೇಕಾದ ವಂಶವಾಹಿಯೊಂದು ಕೆಟ್ಟರೆ ಹಸಿರು ಉಳಿಯುತ್ತದೆ; ಅದರೊಡನೆ ಕೆಂಪೂ ಕೂಡಿದರೆ ಹಣ್ಣು ಕಂದುಬಣ್ಣ ತಳೆಯುತ್ತದೆ. ಕೆಂಪನ್ನು ಹುಟ್ಟಿಸುವ ವಂಶವಾಹಿಯೂ ಕೆಟ್ಟಿದ್ದರೆ ಮಾತ್ರ ಹಣ್ಣು ಹಸಿರಾಗಿ ತೋರುವುದು. ಮೆಂಡೆಲ್ 1866ರಲ್ಲಿ ವರ್ಣಿಸಿದ ಹಸಿರು ಬಟಾಣಿಯ ಗುಟ್ಟೂ ಇಂಥದೇ ವಂಶವಾಹಿಯಲ್ಲಿದೆಯೆಂದು 2007ರಲ್ಲಿ ತಿಳಿದುಬಂದಿತು! ಅಮೆರಿಕದ ಟಾಮ್ ವ್ಯಾಗ್ನರ್ 1983ರಲ್ಲಿ ಹೊರತಂದ ‘ಗ್ರೀನ್ ಜೀಬ್ರಾ’ ಇಂಥ ತಳಿ. ಗೆರೆಗಳ ನಡುವಣ ಹಸಿರು ಹಳದಿಗೆ ತಿರುಗಿ, ಹಣ್ಣು ಬೆರಳಿಗೆ ಮೆತ್ತಗೆನಿಸಿದಾಗ ಅದನ್ನು ಕೀಳಬೇಕು.

ಇದರಿಂದ ಕರಾವಳಿಗೇನು? ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಲೈಕೋಪೀನ್ ಸರಿಯಾಗಿ ಹುಟ್ಟದು. ಹೊನ್ನಾವರ, ಭಟ್ಕಳಗಳ ಬೇಸಗೆಯಲ್ಲಿ ಕೆಂಪು ತಳಿಯೂ ಹಳದಿಮಿಶ್ರವಾಗುವುದು ಸಹಜವೇ. ಅದನ್ನು ಕೀಳೆಂದು ತಳ್ಳುವುದು ಬೆಳೆದವನಿಗೆ ಮಾಡುವ ಅನ್ಯಾಯವೆಂದು ನಾವು ಭಾವಿಸುತ್ತೇವೆ.

ಹಾಗೆಂದು ಬಣ್ಣದ ಮೋಹಕ್ಕೆ ಬೀಜವನ್ನಾರಿಸುವುದೂ ಸಲ್ಲದು. ಇಲ್ಲಿಯ ಹುಳಿಮಣ್ಣು, ಸೆಕೆ, ತೇವಗಳಲ್ಲಿ ಬ್ಯಾಕ್ಟೀರಿಯಾದ ಸೊರಗು ರೋಗವು ಎಲೆ ಹಸಿರಾಗಿರುವಂತೆಯೇ ಗಿಡವನ್ನು ಬಾಡಿಸಿಬಿಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಅದನ್ನು ತಡೆದುಕೊಳ್ಳಬಲ್ಲುದು; ಮಾರುವ ಬೆಳೆಗೆ ಅಂಥದೇ ಇರಲಿ. ಹಸಿರು ತಳಿಯನ್ನು ವಿದ್ಯಾರ್ಥಿಗಳು ಮಳೆಗಾಲ ಕಳೆದ ಮೇಲೆ, ಟೊಮೇಟೊ, ಬದನೆ, ಮೆಣಸು ಬೆಳೆಯದ ಮಣ್ಣು ತುಂಬಿದ ಕುಂಡಗಳಲ್ಲಿ ಬೆಳೆದು ನೋಡಲಿ. ರುಚಿ ನೋಡುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿರಬೇಕು.