ಶಾಲಾ ಕನ್ನಡ ಶಿಕ್ಷಕರಿಗೆ ವಿಷಯ ಬೆಂಬಲ: ಕನ್ನಡ ವಿಭಾಗಗಳ ಹೊಣೆ

ಶಾಲಾ ಶಿಕ್ಷಕರ ತರಬೇತಿಯನ್ನು ಕುರಿತ ಚರ್ಚೆ ನಮ್ಮ ಕನ್ನಡ ವಿಭಾಗಗಳಲ್ಲಿ ನಡೆಯುವುದು ಅಪರೂಪ. ಅದು ಶಿಕ್ಷಣ ಇಲಾಖೆಗೆ ಅಥವಾ ಬಿ.ಎಡ್. ಕಾಲೇಜುಗಳಿಗೆ ಸೇರಿದ ಸಂಗತಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ಎಂ.ಎ. ತರಗತಿಗೆ ಬರುವ ವಿದ್ಯಾರ್ಥಿ ಹಳಗನ್ನಡದ ಮೊದಲ ಸಾಲುಗಳನ್ನು ಓದಿರುವುದು ಶಾಲೆಯಲ್ಲಿಯೇ. ನಮ್ಮಲ್ಲಿ ಓದು ಮುಗಿಸಿದವರಲ್ಲಿ ಅನೇಕರು ಶಿಕ್ಷಕರಾಗಿ ಮರಳುವುದೂ ಅಲ್ಲಿಗೇ. ಹೀಗೆ ಒಂದೇ ವರ್ತುಲದಲ್ಲಿರುವ ಎರಡು ನೆಲೆಗಳ ನಡುವೆ ಇಂದು ಸಂವಾದವಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ಮುಖ್ಯವಾಗಿ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳದು ಎಂಬುದು ಈ ಲೇಖನದ ನಿಲುವು.

ಕೆಲವು ವರ್ಷಗಳ ಹಿಂದೆ ತಾಲ್ಲೂಕೊಂದರ ಪ್ರೌಢಶಾಲಾ ಕನ್ನಡ ಶಿಕ್ಷಕರ ಒಂದು ದಿನದ ತರಬೇತಿಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗಿದ್ದೆ. ಉದ್ಘಾಟನೆ, ಸುತ್ತೋಲೆಗಳ ವಾಚನ, ನಮೂನೆಗಳ ಭರ್ತಿ ಇವುಗಳಲ್ಲಿ ಮಧ್ಯಾಹ್ನವಾಯಿತು. ಊಟದ ವೇಳೆಯಲ್ಲಿ ಹಿರಿಯ ಶಿಕ್ಷಕಿಯೊಬ್ಬರು ಬಳಿಗೆ ಬಂದು, “ಪಾಠದಲ್ಲಿ ‘ಬಾಳ್’ ಎಂದಿದ್ದರೆ ಖಡ್ಗವೆಂದು ಹೇಳಬೇಕೋ ಬದುಕೆಂದು ಹೇಳಬೇಕೋ?” ಎಂದು ಕೇಳಿದರು. ಖಡ್ಗವೆಂಬ ಅರ್ಥದ ‘ಬಾಳ್’ ಬೇರೆ, ಜೀವಿಸು ಎಂಬ ಅರ್ಥದ ‘ಬಾೞ್’ ಬೇರೆ. ೞಕಾರವನ್ನು ಳಕಾರವಾಗಿ ಮುದ್ರಿಸಿದಾಗ ಎರಡೂ ಒಂದೇ ಆಗಿ ಕಾಣುತ್ತವೆ ಎಂದು ವಿವರಿಸಿದೆ. “ಇದನ್ನು ಕೇಳಲು ಇಷ್ಟು ವರ್ಷ ಯಾರೂ ಸಿಕ್ಕಿರಲಿಲ್ಲ” ಎಂದರು ಅವರು. ಎಂ.ಎ. ವಿದ್ಯಾರ್ಥಿಯೂ ಉತ್ತರಿಸಬಹುದಾದ ಪ್ರಶ್ನೆಯದು. ಅದು ಉತ್ತರವಿಲ್ಲದೆ ಉಳಿದದ್ದು ಆ ಶಿಕ್ಷಕಿಯ ದೋಷವಲ್ಲ. ಪ್ರಶ್ನೆಯನ್ನು ಒಯ್ಯಬಹುದಾದ ದಾರಿಯೇ ಅವರಿಗಿರಲಿಲ್ಲ.

ಹಾಗೆಂದು ವ್ಯವಸ್ಥೆಯೇ ಇಲ್ಲವೆನ್ನುವಂತಿಲ್ಲ. ಸಮೀಪದ ಶಾಲೆಗಳು ಪರಸ್ಪರ ನೆರವಾಗಬೇಕೆಂಬ ‘ಶಾಲಾ ಸಂಕೀರ್ಣ’ದ ಕಲ್ಪನೆಯನ್ನು 1964-66ರ ಕೊಠಾರಿ ಆಯೋಗವೇ ಮುಂದಿಟ್ಟಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಬಂದವು. 1990ರ ದಶಕದ ಡಿ.ಪಿ.ಇ.ಪಿ. ಯೋಜನೆಯೊಡನೆ ಬಿ.ಆರ್.ಸಿ., ಸಿ.ಆರ್.ಸಿ.ಗಳು ರೂಪುಗೊಂಡು, ಅನಂತರ ಸರ್ವ ಶಿಕ್ಷಣ ಅಭಿಯಾನದಲ್ಲಿ ವಿಸ್ತರಿಸಿದವು. ಕರ್ನಾಟಕದಲ್ಲಿ 2010ರ ದಶಕದ ಆರಂಭದಲ್ಲಿ ಪ್ರೌಢಶಾಲಾ ಶಿಕ್ಷಕರನ್ನು ವಿಷಯವಾರು ಒಗ್ಗೂಡಿಸಿ, ಬೋಧನ ಸಾಮಗ್ರಿಯನ್ನು ಅವರೇ ರಚಿಸಿ ಹಂಚಿಕೊಳ್ಳಲು ಪ್ರೇರೇಪಿಸಿದ ‘ವಿಷಯ ಶಿಕ್ಷಕರ ವೇದಿಕೆ’ಯೂ ಗಮನಾರ್ಹ ಪ್ರಯೋಗ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ವಿಕಾಸ ತರಬೇತಿಯನ್ನು ಸೂಚಿಸಿತು.

ಆದರೂ ವಿಷಯಜ್ಞಾನ ತರಗತಿಯನ್ನು ತಲುಪುತ್ತಿಲ್ಲವೇಕೆ? ಇದಕ್ಕೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದು, ತರಬೇತಿ ಮೇಲಿನಿಂದ ಕೆಳಗೆ ಹಂತಹಂತವಾಗಿ ಇಳಿಯುವ ಕ್ರಮ. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯಲ್ಲಿ, ಅಲ್ಲಿ ಕಲಿತವರು ತಾಲ್ಲೂಕಿನಲ್ಲಿ ಹೇಳುವಷ್ಟರಲ್ಲಿ ವಿಷಯ ತೆಳುವಾಗಿ ‘ಚಟುವಟಿಕೆ’ ಎಂಬ ಹೆಸರಷ್ಟೇ ಉಳಿಯುತ್ತದೆ. ಎರಡನೆಯದು, ಸಮೂಹ ಮಟ್ಟದ ಸಮಾಲೋಚನಾ ಸಭೆ ಆಡಳಿತದ ಸಭೆಯಾಗಿರುವುದು. ಬಿಸಿಯೂಟ, ಸಮವಸ್ತ್ರ, ದಾಖಲಾತಿಗಳ ಅಂಕಿ ಅಂಶ ಒದಗಿಸುವುದರಲ್ಲೇ ಸಿ.ಆರ್.ಪಿ.ಗಳ ಸಮಯ ಕಳೆಯುತ್ತಿದ್ದರೆ ಪಾಠದ ಮಾತಿಗೆ ಎಡೆಯೆಲ್ಲಿ? ಅವರೊಬ್ಬರೇ ಎಲ್ಲ ವಿಷಯಗಳಿಗೂ ಮಾರ್ಗದರ್ಶಕರಾಗಬೇಕೆಂಬ ನಿರೀಕ್ಷೆಯೂ ನ್ಯಾಯವಲ್ಲ.

ವಿಷಯ ಬೆಂಬಲವೆಂದರೆ ಹೊಸ ಬೋಧನ ತಂತ್ರಗಳ ಪಟ್ಟಿಯಲ್ಲ. ಹಳಗನ್ನಡದ ಪಾಲ್, ಪೂ, ಪಳ್ಳಿಗಳು ಹಾಲು, ಹೂ, ಹಳ್ಳಿಗಳಾದವೆಂಬ ಒಂದು ಸೂತ್ರ ತಿಳಿದ ಶಿಕ್ಷಕರು ಹತ್ತಾರು ಪದಗಳ ಬೀಗದ ಕೈಯನ್ನು ಮಕ್ಕಳ ಕೈಗೆ ಕೊಡಬಲ್ಲರು. ತಿಳಿಯದವರು ಪದಾರ್ಥಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಕಂದಪದ್ಯ 12 ಮತ್ತು 20 ಮಾತ್ರೆಗಳ ಲೆಕ್ಕವಾಗಿ ಪ್ರಶ್ನೆಪತ್ರಿಕೆಗಷ್ಟೇ ಉಳಿದಿದೆ. ಪ್ರಸ್ತಾರ ಹಾಕುವ ಮೊದಲು ಪದ್ಯವನ್ನು ನಾಲ್ಕು ಮಾತ್ರೆಗಳ ನಡೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಲೆಕ್ಕ ತಾನಾಗಿಯೇ ಕಿವಿಗೆ ದಕ್ಕುತ್ತದೆ. ಹಳಗನ್ನಡವೆಂದರೆ ಕಷ್ಟವೆಂಬ ಭಯ ಹುಟ್ಟುವುದು ಈ ಘಟ್ಟದಲ್ಲಿ. ಅದರ ಪರಿಣಾಮವನ್ನು ನಾವು ಎಂ.ಎ. ತರಗತಿಗಳಲ್ಲಿ ಕಾಣುತ್ತಿದ್ದೇವೆ.

ಈ ಸಂಬಂಧ ಏಕಮುಖವಾಗಬೇಕಿಲ್ಲ. ತುಳು, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳು ಕನ್ನಡವನ್ನು ಹೇಗೆ ಕಲಿಯುತ್ತಾರೆ, ಕಲಬುರಗಿಯ ಆಡುನುಡಿ ಪಠ್ಯದ ಭಾಷೆಯೊಡನೆ ಎಲ್ಲಿ ತಾಗುತ್ತದೆ ಎಂಬುದು ಶಿಕ್ಷಕರ ನಿತ್ಯದ ಅನುಭವ. ನಮ್ಮ ಸಂಶೋಧಕರು ಕ್ಷೇತ್ರಕಾರ್ಯದಲ್ಲಿ ಅರಸುವ ಸಾಮಗ್ರಿ ಅಲ್ಲಿ ದಾಖಲಾಗದೆ ಉಳಿದಿದೆ.

ವಿಶ್ವವಿದ್ಯಾಲಯದವರಿಗೆ ಶಾಲಾ ತರಗತಿಯ ಕಷ್ಟ ತಿಳಿಯದೆಂಬ ಆಕ್ಷೇಪಣೆ ಬರಬಹುದು. ಅದು ನಿಜ, ಹೋಗದಿರುವುದರಿಂದಲೇ ತಿಳಿಯದು. ಖಾಲಿ ಹುದ್ದೆಗಳ ನಡುವೆ ವಿಭಾಗಗಳಿಗೆ ಬಿಡುವೆಲ್ಲಿ ಎಂಬ ಮಾತೂ ಸತ್ಯವೇ. ಆದರೆ ಇದಕ್ಕೆ ದೊಡ್ಡ ಅನುದಾನವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಪ್ರತಿ ವಿಭಾಗವು ತನ್ನ ವ್ಯಾಪ್ತಿಯ ಎರಡು ಮೂರು ತಾಲ್ಲೂಕುಗಳನ್ನು ಆರಿಸಿಕೊಂಡು, ಡಯಟ್‌ನ ಸಹಕಾರದಿಂದ ತಿಂಗಳಿಗೊಮ್ಮೆ ಅರ್ಧದಿನ ಒಂದೇ ಪಾಠವನ್ನು ಶಿಕ್ಷಕರೊಡನೆ ಓದಬಹುದು. ಸಂಶೋಧನ ವಿದ್ಯಾರ್ಥಿಗಳಿಗೆ ಇದನ್ನು ಅಧ್ಯಯನದ ಭಾಗವಾಗಿಸಬಹುದು. ಶಿಕ್ಷಕರ ಪ್ರಶ್ನೆಗಳಿಗೂ ಟಿಪ್ಪಣಿಗಳಿಗೂ ನಮ್ಮ ಪತ್ರಿಕೆಗಳಲ್ಲಿ ಕೆಲವು ಪುಟಗಳನ್ನು ಮೀಸಲಿಡಬಹುದು.

ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು ಹಿಂದೆ ಊರೂರುಗಳಲ್ಲಿ ಉಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಕಿರುಹೊತ್ತಗೆಗಳಾಗಿ ಹೊರತಂದಿತು. ಆದ್ದರಿಂದ ವಿದ್ವತ್ತು ಜನರ ಬಳಿಗೆ ಹೋಗುವುದು ನಮಗೆ ಹೊಸದಲ್ಲ, ಮರೆತುಹೋದ ರೂಢಿಯಷ್ಟೆ. ಶಾಸ್ತ್ರೀಯ ಭಾಷೆಯ ಸ್ಥಾನ ಕನ್ನಡಕ್ಕೆ 2008ರಲ್ಲಿ ದೊರೆಯಿತು. ಆ ಹಿರಿಮೆ ಹತ್ತನೆಯ ತರಗತಿಯ ಪಾಠದೊಳಗೆ ಉಸಿರಾಡಬೇಕಾದರೆ, ‘ಬಾಳ್’ ಎಂದರೇನೆಂದು ಕೇಳುವ ಶಿಕ್ಷಕಿಗೆ ಉತ್ತರ ಸಿಗುವ ಬಾಗಿಲೊಂದು ಅವರ ಜಿಲ್ಲೆಯಲ್ಲೇ ತೆರೆದಿರಬೇಕು. ಆ ಬಾಗಿಲನ್ನು ತೆರೆಯಬೇಕಾದವರು ನಾವು.