ಧ್ಯಾನಕೂಟದಲ್ಲಿ ಕನ್ನಡಕ್ಕೆ ಕೊನೆಯ ಬೆಂಚೇ?

ರಜೆ ಬಂತೆಂದರೆ ಬೆಂಗಳೂರಿನ ಚರ್ಚುಗಳ ಯುವಕ ಸಂಘಗಳು ಧ್ಯಾನಕೂಟಕ್ಕೆ ಸಿದ್ಧವಾಗುತ್ತವೆ. ಬಸ್ಸು ಯಾವುದು, ಅಡುಗೆ ಯಾರದು, ತಲೆಗೆಷ್ಟು ವಂತಿಗೆ? ಎಲ್ಲವೂ ಚರ್ಚೆಯಾಗುತ್ತದೆ. ಕೂಟದ ಭಾಷೆ ಯಾವುದೆಂದು ಅನೇಕ ಕಡೆ ಯಾರೂ ಕೇಳುವುದೇ ಇಲ್ಲ! ಕೇಳದಿದ್ದರೆ ಇಂಗ್ಲಿಷ್ ತಾನಾಗಿಯೇ ಬಂದು ಕುರ್ಚಿ ಹಾಕಿಕೊಳ್ಳುತ್ತದೆ.

ಧ್ಯಾನಕೂಟ ಪಿಕ್‌ನಿಕ್ ಅಲ್ಲ. ಮೌನವಾಗಿ ಕುಳಿತು ಮನಸ್ಸು ತೆರೆಯುವ, ನೋವು ಹೇಳಿಕೊಳ್ಳುವ ಜಾಗ. ಅಮ್ಮನ ಹತ್ತಿರ ಕನ್ನಡದಲ್ಲಿ ಅಳುವ ಹುಡುಗ ದೇವರ ಹತ್ತಿರ ಇಂಗ್ಲಿಷಿನಲ್ಲಿ ಅಳಬೇಕೇ? ವ್ಯಾಕರಣ ತಪ್ಪೀತೆಂದು ಅಂಜಿ ಗುಂಪಿನಲ್ಲಿ ಬಾಯಿ ಮುಚ್ಚಿ ಕೂತವನು ಹೋದಂತೆಯೇ ಹಿಂದಿರುಗುತ್ತಾನೆ.

ಇದಕ್ಕೆ ಧರ್ಮ ಅಡ್ಡಿಯಲ್ಲ. 1963ರಲ್ಲಿಯೇ ಎರಡನೇ ವ್ಯಾಟಿಕನ್ ಮಹಾಸಭೆ ಕಥೋಲಿಕ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅದಕ್ಕೂ ನೂರು ವರ್ಷ ಮುಂಚೆ, 1862ರಲ್ಲಿ, ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. 1894ರಲ್ಲಿ ನಿಘಂಟನ್ನೇ ಕೊಟ್ಟರು. ಪರದೇಶದವರಿಗೆ ಸಾಧ್ಯವಾದದ್ದು ನಮಗೆ ಭಾರವೇ?

ಗೆಳೆಯರೇ, ಜಾಗಕ್ಕೆ ಮುಂಗಡ ಕಟ್ಟುವ ಮೊದಲೇ ಭಾಷೆ ನಿಶ್ಚಯಿಸಿ. ಕನ್ನಡದಲ್ಲಿ ಬೋಧಿಸುವ ಗುರುಗಳನ್ನೋ ಪಾಸ್ಟರನ್ನೋ ಗೊತ್ತುಮಾಡಿ. ಹಾಡಿನ ಹಾಳೆ ಕನ್ನಡ ಲಿಪಿಯಲ್ಲಿ ಅಚ್ಚಾಗಲಿ. ತಮಿಳು, ಕೊಂಕಣಿ, ಮಲಯಾಳಂ ಮನೆಮಾತಿನ ಗೆಳೆಯರು ತಮ್ಮ ಭಾಷೆಯಲ್ಲೇ ಪ್ರಾರ್ಥಿಸಲಿ. ನಮಗೆ ಯಾರ ಮೇಲೂ ದ್ವೇಷವಿಲ್ಲ. ಎಲ್ಲರನ್ನೂ ಕೂಡಿಸುವ ಮಾತು ಮಾತ್ರ ಕನ್ನಡವಾಗಲಿ.

ಕೊನೆಯ ದಿನ ಒಂದು ಕನ್ನಡ ಹಾಡು ಹಾಡಿ ಕೈ ತೊಳೆದುಕೊಳ್ಳುವುದು ಇನ್ನು ಸಾಕು!