ಒಣಗುಡ್ಡಗಳ ನಾಡಿಗೆ ಒಂದು ದಿನದ ಪಯಣ

ಮಲೆನಾಡಿನ ಶಾಲಾ ಕಾಲೇಜುಗಳಲ್ಲಿ ಒಂದು ದಿನದ ಪ್ರವಾಸವೆಂದರೆ ಜಲಪಾತ, ದಟ್ಟ ಕಾಡು, ಮಂಜು ಮುಸುಕಿದ ಬೆಟ್ಟ ಇಷ್ಟೇ ಎಂಬಂತಾಗಿದೆ. ಹಸಿರು ಕಂಡಲ್ಲಿ ಮಾತ್ರ ಪರಿಸರವಿದೆ, ಉಳಿದೆಡೆ ಕಾಪಾಡುವಂಥದ್ದೇನೂ ಇಲ್ಲ ಎಂಬ ಭಾವನೆ ನಮಗರಿವಿಲ್ಲದೆಯೇ ಎಳೆಯರ ಮನಸ್ಸಿನಲ್ಲಿ ಬೇರೂರುತ್ತಿದೆ. ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಈ ಭಾವನೆಯೇ ದೊಡ್ಡ ಕಂಟಕ. ಆದುದರಿಂದ ಈ ವರ್ಷದ ಪ್ರವಾಸವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಕಡೆಗೆ ಯೋಜಿಸಬೇಕೆಂದು ವಿದ್ಯಾರ್ಥಿ ಮಿತ್ರರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಯೂರೋಪಿನ ಆಲ್ಪ್ಸ್ ಪರ್ವತದ ಹಳ್ಳಿಗಳನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಜನ ಹೋಗುತ್ತಾರೆ. ಅಲ್ಲಿನವರ ಆಡುಮಾತಿನಲ್ಲಿ 'ಆಲ್ಪ್' ಎಂದರೆ ಎತ್ತರದ ಹುಲ್ಲುಗಾವಲು. ಬೇಸಿಗೆಯಲ್ಲಿ ದನಗಳನ್ನು ಆ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವ ಸ್ವಿಟ್ಜರ್ಲೆಂಡಿನ ಪದ್ಧತಿಯನ್ನು 2023ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹುಲ್ಲು ಮತ್ತು ದನಗಾಹಿ ಗೌರವದ ವಸ್ತು. ನಮ್ಮಲ್ಲಿ ಅದೇ ಹುಲ್ಲುನೆಲಕ್ಕೆ 'ಬಂಜರು' ಎಂಬ ಹಣೆಪಟ್ಟಿ.

ಮೊದಲು ಕಾಲದ ಆಯ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿದರೆ ಈ ಎರಡು ತಾಲ್ಲೂಕುಗಳಲ್ಲಿ ಸುಮಾರು 500 ಮಿ.ಮೀ. ಮಾತ್ರ. ಮಳೆ ಬಿದ್ದಾಗ ಹೋದರೆ ಇಲ್ಲಿಯೂ ಹಸಿರನ್ನೇ ಕಂಡು ಹಿಂತಿರುಗುತ್ತೇವೆ. ಏಪ್ರಿಲ್, ಮೇ ತಿಂಗಳ ಬಿಸಿಲು ಮಕ್ಕಳಿಗೆ ಅಪಾಯಕಾರಿ. ಡಿಸೆಂಬರ್ ಸೂಕ್ತ. ಆಗ ಶೇಂಗಾ ಒಕ್ಕಣೆ ಮುಗಿದಿರುತ್ತದೆ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕುರಿಮಂದೆಗಳು ಕೊಯ್ದ ಹೊಲಗಳಲ್ಲಿ ಮೇಯುತ್ತಿರುತ್ತವೆ. ಒಣನೆಲ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಲು ಅದೇ ಸಮಯ. ಮಲೆನಾಡಿನಿಂದ ಹೊರಡುವವರು ಹಿಂದಿನ ರಾತ್ರಿಯೇ ಚಳ್ಳಕೆರೆಯಲ್ಲಿ ತಂಗಿದರೆ ಇಡೀ ಹಗಲು ಕೈಗೆ ಸಿಗುತ್ತದೆ.

ಬೆಳಗಿನ ತಂಪಿನಲ್ಲಿ ಬೆಟ್ಟ ಹತ್ತಬೇಕು. ಬಳ್ಳಾರಿ ಕಡೆಯ ಹೆದ್ದಾರಿ ಹಿಡಿದು ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಕಡೆಗೆ ಸಾಗಿದರೆ, ಸಮುದ್ರಮಟ್ಟದಿಂದ ಸುಮಾರು 3,400 ಅಡಿ ಎತ್ತರದ ಜಟಿಂಗ ರಾಮೇಶ್ವರ ಬೆಟ್ಟ ಸಿಗುತ್ತದೆ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವಿದು ಎಂಬುದು ಜನರ ನಂಬಿಕೆ. ಮೇಲಿನಿಂದ ನೋಡಿದರೆ ಬಂಡೆಗುಡ್ಡ, ಕುರುಚಲು, ಕೆಂಪು ಹೊಲ, ಕೆರೆ, ಊರು ಒಂದರೊಳಗೊಂದು ಹೆಣೆದುಕೊಂಡಿರುವುದು ತಿಳಿಯುತ್ತದೆ. ಇಲ್ಲಿಯೂ, ಸಿದ್ದಾಪುರದಲ್ಲಿಯೂ, ಬ್ರಹ್ಮಗಿರಿಯಲ್ಲಿಯೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಊರವರು 'ಅಕ್ಷರಗುಂಡು' ಎಂದು ಕರೆಯುತ್ತಿದ್ದ ಬ್ರಹ್ಮಗಿರಿಯ ಬಂಡೆ ಇಸಿಲ ಎಂಬ ಪಟ್ಟಣದ ಅಧಿಕಾರಿಗಳನ್ನು ಉದ್ದೇಶಿಸಿ, ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ತೋರಬೇಕು, ಸತ್ಯ ನುಡಿಯಬೇಕು ಎಂದು ಹೇಳುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ನಡೆಸಿದ ಉತ್ಖನನದಲ್ಲಿ, ಅಶೋಕನಿಗಿಂತಲೂ ಹಿಂದೆ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆ ದೊರೆಯಿತು. ಸಹಸ್ರಾರು ವರ್ಷ ಮನುಷ್ಯರನ್ನು ಸಾಕಿದ ನೆಲವನ್ನು ಬಂಜರು ಎನ್ನುವುದು ಯಾವ ನ್ಯಾಯ?

ಮಧ್ಯಾಹ್ನದ ಊಟ, ನೀರಿನ ವಿಚಾರದಲ್ಲಿ ಎಚ್ಚರ ಬೇಕು. ಈ ಭಾಗದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರನ್ನು ಜನ ಶುದ್ಧೀಕರಣ ಘಟಕದಿಂದ ಬಿಂದಿಗೆ ಲೆಕ್ಕದಲ್ಲಿ ಹೊತ್ತು ತರುತ್ತಾರೆ. ಐವತ್ತು ಜನರ ತಂಡ ಅಲ್ಲಿ ನೀರು ಕೇಳಿ ನಿಲ್ಲುವುದು ಸಲ್ಲದು. ನಮ್ಮ ನೀರನ್ನು ನಾವೇ ಒಯ್ಯೋಣ, ನಮ್ಮ ಕಸವನ್ನು ನಾವೇ ಹಿಂದಕ್ಕೆ ತರೋಣ. ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿ ನಿಷಿದ್ಧ. ಅಂಥ ಬುತ್ತಿ ಕಟ್ಟಿಕೊಂಡು ಹೋಗಬಾರದು. ಅವರು ದೇವರ ಎತ್ತುಗಳನ್ನು ಸಾಕುವ ಸಮುದಾಯದವರು. ಆ ಹಿಂಡನ್ನು ಕಾಯುವ ಕಿಲಾರಿಗಳನ್ನು ಕಂಡರೆ ನಮಸ್ಕರಿಸಿ, ಅನುಮತಿ ಪಡೆದು ಮಾತನಾಡಿಸಬೇಕು.

ಸಂಜೆಯನ್ನು ಚಳ್ಳಕೆರೆ ತಾಲ್ಲೂಕಿನ ಕಾವಲುಗಳಿಗೆ ಮೀಸಲಿಡಬೇಕು. ಮೈಸೂರು ಅರಸರ ಸೈನ್ಯಕ್ಕೆ ಬೇಕಾದ ಅಮೃತಮಹಲ್ ಎತ್ತುಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳಿವು. 2007ರ ನಂತರದ ಕೆಲವೇ ವರ್ಷಗಳಲ್ಲಿ ಉಳ್ಳಾರ್ತಿ, ಖುದಾಪುರ ಸುತ್ತಲಿನ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಮತ್ತು ಸೌರವಿದ್ಯುತ್ ಯೋಜನೆಗೆ ಹಂಚಿಕೆಯಾಯಿತು. ಬೇಲಿ, ಗೋಡೆಗಳು ಎದ್ದ ಮೇಲೆ 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ವಿಜ್ಞಾನ ಸಂಸ್ಥೆಗಳು ಬೇಡವೆಂಬುದು ನನ್ನ ವಾದವಲ್ಲ. ನಾನೂ ವಿಜ್ಞಾನದ ಅನ್ನ ಉಂಡವನು. ಬಳಕೆಯಲ್ಲಿರುವ ನೆಲವನ್ನು ಖಾಲಿ ನೆಲವೆಂದು ಎಣಿಸಿದ್ದೇ ತಪ್ಪು ಎಂಬುದು ನನ್ನ ವಾದ.

ಕೃಷಿಯ ದೃಷ್ಟಿಯಿಂದ ಇದನ್ನು ವಿವರಿಸುವುದು ಸುಲಭ. ಬಹುವಾರ್ಷಿಕ ಹುಲ್ಲಿನ ಮೇಲ್ಭಾಗ ಒಣಗಿದರೂ ಬೇರು ಜೀವಂತವಾಗಿದ್ದು ತೆಳುವಾದ ಕೆಂಪು ಮಣ್ಣನ್ನು ಹಿಡಿದಿಡುತ್ತದೆ, ಬಿದ್ದ ಅಲ್ಪ ಮಳೆಯನ್ನು ಒಳಕ್ಕೆ ಇಂಗಿಸುತ್ತದೆ. ಆ ಹುಲ್ಲು ಮೇಯ್ದ ಮಂದೆಯನ್ನು ರೈತ ರಾತ್ರಿ ತನ್ನ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಹಿಕ್ಕೆ, ಗಂಜಲ ಮಣ್ಣಿಗೆ ಸೇರುತ್ತವೆ. ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತದೆ. ಕಾವಲು ಕುಗ್ಗಿದರೆ ಮಂದೆ ಕುಗ್ಗುತ್ತದೆ. ಮಂದೆ ಕುಗ್ಗಿದರೆ ಶೇಂಗಾ ಹೊಲದ ಗೊಬ್ಬರವೂ, ನೇಕಾರನ ಮಗ್ಗವೂ ಸೊರಗುತ್ತವೆ. ಕೃಷ್ಣಮೃಗಗಳೂ ನೆಲೆ ಕಳೆದುಕೊಳ್ಳುತ್ತವೆ. ಇಷ್ಟೆಲ್ಲವನ್ನೂ ಹೊತ್ತಿರುವ ಕುರುಚಲು ನೆಲವನ್ನು ನಮ್ಮ ದೇಶದ ಬಂಜರುಭೂಮಿ ನಕಾಶೆ ಇಂದಿಗೂ ಬಂಜರಿನ ಲೆಕ್ಕದಲ್ಲಿಯೇ ಇಟ್ಟಿದೆ.

ಹೊತ್ತು ಮುಳುಗುವ ಮುನ್ನ ಮಂದೆಗಳು ಹಿಂತಿರುಗುತ್ತವೆ. ಗೋಡೆಗಳ ಬಳಿ ಛಾಯಾಚಿತ್ರ ತೆಗೆಯುವುದನ್ನು ಬಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಕುರಿಗಾಹಿಯನ್ನು ಮೂರು ಪ್ರಶ್ನೆ ಕೇಳಲಿ: ಹುಲ್ಲು ಎಷ್ಟು ತಿಂಗಳು ಸಾಲುತ್ತದೆ? ಕುರಿಗೆ ನೀರು ಎಲ್ಲಿ? ಹುಲ್ಲು ಮುಗಿದ ಮೇಲೆ ಯಾವ ಊರಿನ ಕಡೆ ಪಯಣ? ಉತ್ತರಗಳನ್ನು ಬರೆದು ನಮ್ಮ ಪತ್ರಿಕೆಗೆ ಕಳುಹಿಸಲಿ. ಮುಂದೊಂದು ದಿನ ಮತ್ತೊಂದು ಕಾವಲನ್ನು ಯಾರಾದರೂ ಖಾಲಿ ಎಂದು ಬರೆಯಲು ಹೊರಟಾಗ, ಅದು ಖಾಲಿಯಲ್ಲ ಎನ್ನಲು ನಮ್ಮ ಬಳಿ ಬರಹದ ದಾಖಲೆ ಇರಬೇಕು. ಆ ಕೆಲಸಕ್ಕೆ ಒಂದು ದಿನವನ್ನು ಕೊಡುವುದು ಹೆಚ್ಚೇನಲ್ಲ.